ಪುಡಿಕೆಗೂ ಆಗದ ಪುಸ್ತಕಗಳು

(ಗ್ರಂಥಾಲಯ ಸಪ್ತಾಹದಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಪರಿಚಯ ಮಾಡಿಕೊಟ್ಟವರು ನನ್ನನ್ನು ‘ಅಪರೂಪದ ಗ್ರಂಥಗಳ ಸಂಗ್ರಾಹಕರು’ ಅಂದರು. ಆ ಮಾತನ್ನು ಒಂದಿಷ್ಟು ಇಳಿಸಿಯೇ ನಾನು ಶುರುಮಾಡಬೇಕು. ನನ್ನ ಹತ್ತಿರ ತಾಳೆಗರಿ ಇಲ್ಲ. 1817ರಲ್ಲಿ ಸೆರಾಂಪುರದಲ್ಲಿ ಅಚ್ಚಾದ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಇಲ್ಲ. ಕಿಟೆಲ್ ನಿಘಂಟಿನ 1894ರ ಮಂಗಳೂರು ಮುದ್ರಣವನ್ನು ಗಾಜಿನ ಬೀರುವಿನ ಈಚೆ ನಿಂತು ನೋಡಿದ್ದೇನೆ, ಅಷ್ಟೆ. ನನ್ನ ಮನೆಯಲ್ಲಿರುವುದು ಬಹುಪಾಲು ಆರಾಣೆ, ಎಂಟಾಣೆ, ಒಂದೂವರೆ ರೂಪಾಯಿಯ ಪುಸ್ತಕಗಳು. ಹರಾಜಿಗಿಟ್ಟರೆ ಕೂಗುವವನ ಗಂಟಲು ನೋವಿಗೂ ಸಾಲದು. ಆದರೂ ಅವುಗಳ ಹಿಂದೆ ಊರೂರು ಅಲೆದಿದ್ದೇನೆ, ಈಗಲೂ ಅಲೆಯುತ್ತೇನೆ. ಅದರಲ್ಲಿ ಏನು ಸುಖ ಅಂತ ಕೇಳುವವರಿಗೆ ಇವತ್ತು ಸ್ವಲ್ಪ ವಿವರವಾಗಿ ಉತ್ತರ ಕೊಡುವ ಅವಕಾಶ ಸಿಕ್ಕಿದೆ.

ನನ್ನ ಉತ್ತರ ಇಷ್ಟು. ಪುಸ್ತಕ ಓದುವುದರಲ್ಲಿ ಒಂದು ಸುಖ ಇದೆ, ಅದು ನಿಮಗೆಲ್ಲ ಗೊತ್ತು. ಪುಸ್ತಕ ಹುಡುಕುವುದರಲ್ಲಿ ಇರುವುದು ಇನ್ನೊಂದು ಸುಖ: ಕಣ್ಣು ಕಲಿಯುತ್ತಾ ಹೋಗುವುದು. ಒಳಗಿನ ಒಂದು ಸಾಲನ್ನೂ ಓದದೆ, ಬೆಲೆ ಎಲ್ಲಿದೆ, ಯಾವ ಪ್ರೆಸ್ಸು, ವಿಳಾಸ ಹೇಗೆ ಬರೆದಿದ್ದಾರೆ ಅಂತ ನೋಡುತ್ತಾ ನೋಡುತ್ತಾ ಕನ್ನಡ ನಾಡಿನ ಚರಿತ್ರೆಯ ಒಂದು ಪಾಲು ನಮಗೆ ತಿಳಿದುಬಿಡುತ್ತದೆ. ಯಾರೂ ಪಾಠ ಮಾಡದ ಪಾಲು ಅದು.

ನಾನು ಹಿಂದೆ ಬಿದ್ದಿರುವುದು ಸಣ್ಣ ಪುಸ್ತಕಗಳಿಗೆ. ಮುಖ್ಯವಾಗಿ ಎರಡು ಮಾಲೆಗಳು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತಷ್ಟೆ. ಅಲ್ಲಿನ ಮೇಷ್ಟರುಗಳು ಊರೂರಿಗೆ ಹೋಗಿ ಕನ್ನಡದಲ್ಲಿ ಉಪನ್ಯಾಸ ಕೊಡುವ ಒಂದು ಪದ್ಧತಿ ಮುಂದೆ ಬೆಳೆಯಿತು. ಆ ಉಪನ್ಯಾಸಗಳೇ ಆಮೇಲೆ ‘ಪ್ರಚಾರೋಪನ್ಯಾಸ ಮಾಲೆ’ಯ ಪುಟ್ಟ ಪುಸ್ತಕಗಳಾದವು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ್ದು ‘ಉಪನ್ಯಾಸ ಗ್ರಂಥಮಾಲೆ’. ಅಂಗಿಯ ಜೇಬಿಗೆ ಸೇರುವಷ್ಟೇ ಗಾತ್ರ. ವಿಜ್ಞಾನ, ಆರೋಗ್ಯ, ಇತಿಹಾಸ, ಕಾವ್ಯ, ಹೀಗೆ ಯಾವ ವಿಷಯ ಬೇಕಾದರೂ ಇರಬಹುದು. ಎರಡೂ ಮಾಲೆಗಳಲ್ಲಿ ಪುಸ್ತಕಕ್ಕೊಂದು ಕ್ರಮಸಂಖ್ಯೆ ಇರುತ್ತದೆ. ಆ ಸಂಖ್ಯೆ ಇದೆಯಲ್ಲ, ಅದೇ ಮನುಷ್ಯನನ್ನು ಕೆಡಿಸುವುದು. ಒಂದು ಪುಸ್ತಕ ನೋಡಿದಿರಿ, ಓದಿದಿರಿ, ಅಲ್ಲಿಗೆ ಮುಗಿಯಿತು. ಆದರೆ ಅದರ ಮೇಲೆ 43 ಅಂತ ಇದ್ದರೆ? 42 ಎಲ್ಲಿ ಹೋಯಿತು? 44ರಲ್ಲಿ ಏನಿತ್ತು? ನಿದ್ದೆ ಕೆಡುತ್ತದೆ.

ಇಲ್ಲಿ ಕೂತಿರುವ ನನ್ನ ಓರಗೆಯವರಿಗೆ ರಾಷ್ಟ್ರೋತ್ಥಾನದ ‘ಭಾರತ-ಭಾರತಿ’ ಮಾಲೆ ನೆನಪಿರುತ್ತದೆ. ಎಪ್ಪತ್ತರ ದಶಕದಲ್ಲಿ ಶುರುವಾಗಿ ಐನೂರಕ್ಕೂ ಮಿಕ್ಕಿ ಪುಟ್ಟ ಜೀವನಚರಿತ್ರೆಗಳು ಬಂದವು. ಶಾಲೆಯಲ್ಲಿ ಬಹುಮಾನ ಅಂದರೆ ಅವೇ. ಆ ಮಾಲೆಯನ್ನು ಸೇರಿಸುವವರು ಬೇರೆ ಇದ್ದಾರೆ, ಅವರ ಕಷ್ಟ ಅವರಿಗೆ.

ಸಣ್ಣ ಪುಸ್ತಕಗಳು ಉಳಿದುಕೊಂಡದ್ದು ಹೇಗೆ ಅನ್ನುವುದನ್ನು ನನಗೆ ಹೇಳಿಕೊಟ್ಟವರು ಧಾರವಾಡದ ಒಬ್ಬ ರದ್ದಿ ಅಂಗಡಿಯವರು. ದಪ್ಪ ಪುಸ್ತಕಗಳನ್ನೆಲ್ಲ ಬದಿಗೆ ಸರಿಸಿ ನಾನು ಮೂಲೆ ಕೆದಕುತ್ತಿದ್ದದ್ದು ನೋಡಿ ಕೇಳಿದರು.

“ಏನ್ ಹುಡುಕಾಕತ್ತೀರಿ ಸರ?”

“ಸಣ್ಣ ಸಣ್ಣ ಪುಸ್ತಕ ಅದಾವೇನ್ರಿ, ಯುನಿವರ್ಸಿಟಿಯವು?”

“ಅದಾವ್ರಿ, ಅವ್ನ ಯಾರೂ ಒಯ್ಯಂಗಿಲ್ಲ. ಹಾಳಿ ಭಾಳ ಸಣ್ಣದು. ಅದರಾಗ ಪುಡಿಕಿ ಕಟ್ಟಾಕ ಬರಂಗಿಲ್ಲ ನೋಡ್ರಿ.”

ಡೆಮಿ ಅಳತೆಯ ಕಾದಂಬರಿಯ ಹಾಳೆಯಲ್ಲಿ ಚುರುಮುರಿ ಕಟ್ಟಬಹುದು, ಜೀರಿಗೆ ಕಟ್ಟಬಹುದು. ಅಂಗೈ ಅಗಲದ ಹಾಳೆಯಲ್ಲಿ ಏನು ಕಟ್ಟುತ್ತೀರಿ? ಹಾಗಾಗಿ ಕಿರಾಣಿ ಅಂಗಡಿಗೆ ಹೋಗಬೇಕಾದದ್ದು ಅಲ್ಲಿಯೇ ಮೂಲೆಯಲ್ಲಿ ಬಿದ್ದಿತ್ತು. ಸಾಹಿತ್ಯ ಚರಿತ್ರೆಕಾರರು ಒಂದು ಕೃತಿ ಉಳಿಯಲು ನೂರು ಕಾರಣ ಹೇಳುತ್ತಾರೆ. ಈ ಕಾರಣವನ್ನು ನಾನು ಯಾವ ಗ್ರಂಥದಲ್ಲೂ ಕಂಡಿಲ್ಲ. ಆ ದಿನ ಒಂದು ಚೀಲ ತುಂಬ ತಂದೆ. ತಕ್ಕಡಿಗೆ ಹಾಕಿ ತೂಕದ ಲೆಕ್ಕದಲ್ಲೇ ಕೊಟ್ಟರು.

ಇನ್ನು ಕಣ್ಣು ಕಲಿಯುವ ವಿಷಯಕ್ಕೆ ಬರೋಣ. ಹಳೆಯ ಕನ್ನಡ ಪುಸ್ತಕಗಳಲ್ಲಿ ಅಚ್ಚಾದ ವರ್ಷ ಇರಲೇಬೇಕು ಅಂತೇನೂ ಇಲ್ಲ. ಇದ್ದರೂ ಆ ಹಾಳೆಯೇ ಮೊದಲು ಹರಿದುಹೋಗಿರುತ್ತದೆ. ಆಗ ಬೆಲೆ ನೋಡಬೇಕು. ‘ರೂ. 1-8-0’ ಅಂತ ರೂಪಾಯಿ, ಆಣೆ, ಪೈಗಳ ಮೂರು ಮನೆಯಲ್ಲಿ ಬರೆದಿದ್ದರೆ ಒಂದು ರೂಪಾಯಿ ಎಂಟಾಣೆ. 1957ಕ್ಕಿಂತ ಹಿಂದಿನದು, ಇಲ್ಲವೇ ಅದರ ಆಸುಪಾಸಿನದು. ಆ ವರ್ಷ ಏಪ್ರಿಲ್ 1ರಿಂದ ರೂಪಾಯಿಗೆ ನೂರು ಪೈಸೆಯ ಲೆಕ್ಕ ಬಂತು. ಹೊಸ ಪೈಸೆಗೆ ‘ನಯಾ ಪೈಸೆ’ ಅಂತ ಹೆಸರು. 1964ರ ಜೂನ್‌ನಲ್ಲಿ ಸರ್ಕಾರ ಆ ‘ನಯಾ’ವನ್ನು ಕೈಬಿಟ್ಟಿತು. ಹಾಗಾಗಿ ಬೆಲೆಯ ಮುಂದೆ ‘ನ.ಪೈ.’ ಅಂತ ಇದ್ದರೆ ಪುಸ್ತಕ ಹೆಚ್ಚುಕಡಿಮೆ ಆ ಏಳು ವರ್ಷಗಳ ನಡುವಿನದು ಅಂತ ಕಣ್ಣು ಮುಚ್ಚಿ ಹೇಳಬಹುದು.

ಬೆಲೆ ಕೈಕೊಟ್ಟರೆ ವಿಳಾಸ ಇದೆ. ‘ಬೆಂಗಳೂರು-4’ ಅಂತ ಮಾತ್ರ ಇದೆಯೋ, ‘560 004’ ಅಂತ ಆರು ಅಂಕಿ ಇದೆಯೋ? ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ. ‘ಮೈಸೂರು ರಾಜ್ಯ’ ಅಂತ ಇದ್ದರೆ 1973ರ ನವೆಂಬರ್ 1ಕ್ಕಿಂತ ಈಚೆಯದಾಗಿರುವುದು ಕಷ್ಟ. ಉತ್ತರ ಕರ್ನಾಟಕದ ಹಳೆಯ ಪುಸ್ತಕಗಳಲ್ಲಿ ಶಾಲಿವಾಹನ ಶಕೆ ಕೊಟ್ಟಿರುತ್ತಾರೆ. ಅದಕ್ಕೆ 78 ಕೂಡಿಸಿಕೊಳ್ಳಬೇಕು. ಕೊನೆಗೆ ಏನೂ ಸಿಗದಿದ್ದರೆ ಹಾಳೆಯ ಹಿಂಬದಿಯ ಮೇಲೆ ಬೆರಳಾಡಿಸಿ ನೋಡಿ. ಮೊಳೆ, ಅಂದರೆ ಸೀಸದ ಅಚ್ಚಕ್ಷರ, ಜೋಡಿಸಿ ಒತ್ತಿದ ಅಚ್ಚು ಕೈಗೆ ತರಿತರಿಯಾಗಿ ಸಿಗುತ್ತದೆ, ಆಫ್‌ಸೆಟ್ಟಿನದು ನುಣ್ಣಗಿರುತ್ತದೆ.

ಒಂದು ಉದಾಹರಣೆ ಹೇಳುತ್ತೇನೆ. ಸಂಪ್ರದಾಯದ ಹಾಡುಗಳ ಒಂದು ಪುಸ್ತಕ ನನ್ನಲ್ಲಿದೆ. ರಟ್ಟಿಲ್ಲ, ಹೆಸರಿನ ಪುಟ ಇಲ್ಲ. ಹಸೆಗೆ ಕರೆಯುವ ಹಾಡು ಇರುವ ಪುಟದ ಮೂಲೆ ಎಣ್ಣೆ ಕೈ ತಾಗಿ ತಾಗಿ ಗಾಜಿನ ಹಾಗೆ ಆಗಿಬಿಟ್ಟಿದೆ, ಹಿಂದಿನ ಪುಟದ ಅಕ್ಷರ ಈಚೆಗೆ ಕಾಣುತ್ತದೆ. ಎಷ್ಟು ಮದುವೆಗಳಲ್ಲಿ ಅದನ್ನು ಬಿಡಿಸಿಟ್ಟುಕೊಂಡು ಹಾಡಿದ್ದರೋ! ಮುನ್ನುಡಿಯ ಕೆಳಗೆ ‘ಆನಂದ ಸಂ|| ಆಶ್ವಯುಜ’ ಅಂತಷ್ಟೇ ಇದೆ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದಲ್ಲ. ಹೋದ ಶತಮಾನದಲ್ಲಿ ಆನಂದ ಬಂದದ್ದು ಎರಡು ಸಲ, 1914ರಲ್ಲಿ ಒಮ್ಮೆ, 1974ರಲ್ಲಿ ಇನ್ನೊಮ್ಮೆ. ಯಾವುದು? ಕೊನೆಯ ಪುಟದಲ್ಲಿ ಅದೇ ಪ್ರಕಾಶಕರ ಬೇರೆ ಪುಸ್ತಕಗಳ ಪಟ್ಟಿ ಇದೆ, ಬೆಲೆಯೆಲ್ಲ ಆಣೆಯಲ್ಲಿದೆ. ಅಲ್ಲಿಗೆ 1914 ಅಂತಾಯಿತು. ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟುವುದಕ್ಕೆ ಇನ್ನೂ ಏಳೆಂಟು ತಿಂಗಳಿತ್ತು. ಇದನ್ನು ಪತ್ತೆಮಾಡಿದ ಸಂಜೆ ನಾನು ಮನೆಯವರಿಗೆಲ್ಲ ಹೇಳಿಕೊಂಡು ಓಡಾಡಿದೆ. ಮನೆಯವರು “ಸರಿ, ಕೈ ತೊಳ್ಕೊಂಡು ಊಟಕ್ಕೆ ಬನ್ನಿ” ಅಂದರು. ಅವರು ಹೇಳಿದ್ದೂ ಸರಿಯೇ. ಹಳೆ ಪುಸ್ತಕದ ಧೂಳು ಅಷ್ಟು ಒಳ್ಳೆಯದಲ್ಲ.

ಹಿಂಬದಿಯ ಆ ಪಟ್ಟಿಯ ಬಗ್ಗೆ ಇನ್ನೊಂದು ಮಾತು. ಹುಡುಕುವವನ ಮಟ್ಟಿಗೆ ಪುಸ್ತಕ ಶುರುವಾಗುವುದೇ ಅಲ್ಲಿಂದ. ‘ಈ ಮಾಲೆಯ ಇತರ ಪುಸ್ತಕಗಳು’ ಅಂತ ಸಣ್ಣ ಅಕ್ಷರದಲ್ಲಿ ಇಪ್ಪತ್ತು ಮೂವತ್ತು ಹೆಸರಿರುತ್ತವೆ. ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡರೆ ಮುಂದಿನ ಕೆಲವು ವರ್ಷಗಳ ಕೆಲಸ ಸಿಕ್ಕಿತು. ಕೆಲವೊಮ್ಮೆ ‘ಅಚ್ಚಿನಲ್ಲಿದೆ’ ಅಂತ ಇರುತ್ತದೆ, ಆದರೆ ಆ ಪುಸ್ತಕ ಬಂದೇ ಇರುವುದಿಲ್ಲ. ಹುಟ್ಟದ ಮಗುವನ್ನು ಹುಡುಕುತ್ತಾ ನಾನು ಅಲೆದದ್ದುಂಟು. ಬೆಂಗಳೂರಿನಲ್ಲಿ ಪರಿಚಯದ ಒಬ್ಬ ವ್ಯಾಪಾರಿ ನನ್ನ ಈ ಅಭ್ಯಾಸವನ್ನು ಗಮನಿಸಿಬಿಟ್ಟಿದ್ದರು. “ಸಾರ್, ಪುಸ್ತಕ ತಗೊಂಡು ಮುಂದಿನ ಪುಟ ನೋಡೋರು ಗಿರಾಕಿಗಳು. ಹಿಂದಿನ ಪುಟ ಮೊದ್ಲು ನೋಡ್ತಾರಲ್ಲ, ಅವ್ರಿಗೆ ಹತ್ತು ರೂಪಾಯಿ ಜಾಸ್ತಿ,” ಅಂದರು. ಅಂದದ್ದು ಮಾತ್ರವಲ್ಲ, ತೆಗೆದುಕೊಂಡರು ಕೂಡ.

ಜಾಗಗಳ ವಿಷಯ ಕೇಳುತ್ತೀರಿ. ಬೆಂಗಳೂರಿನಲ್ಲಿ ಅವೆನ್ಯೂ ರಸ್ತೆ ಎಲ್ಲರಿಗೂ ಗೊತ್ತು. ಭಾನುವಾರ ದೊಡ್ಡ ಅಂಗಡಿಗಳ ಬಾಗಿಲು ಮುಚ್ಚಿದಾಗ ಅವುಗಳ ಮೆಟ್ಟಿಲ ಮೇಲೆ, ಕಟ್ಟೆಯ ಮೇಲೆ ಪುಸ್ತಕ ಹರಡುತ್ತಾರೆ. ಆದರೆ ಕಾಲ ನೋಡಿಕೊಂಡು ಹೋಗಬೇಕು. ಮೇ ಕೊನೆ, ಜೂನ್‌ನಲ್ಲಿ ಹೋದರೆ ಇಡೀ ರಸ್ತೆ ಪಠ್ಯಪುಸ್ತಕ, ಗೈಡು, ಎಂಜಿನಿಯರಿಂಗ್ ಪುಸ್ತಕಗಳದ್ದೇ ರಾಜ್ಯ. ಕತೆ ಕಾದಂಬರಿ ಕೇಳಿದರೆ ಸಿಡುಕುತ್ತಾರೆ. ದಸರಾಕ್ಕೂ ದೀಪಾವಳಿಗೂ ಮನೆಮನೆಯಲ್ಲಿ ಅಟ್ಟ ಇಳಿಸಿ ಗುಡಿಸುತ್ತಾರಲ್ಲ, ಅದಾದ ಮೇಲಿನ ವಾರಗಳು ಒಳ್ಳೆಯವು. ಬ್ರಿಗೇಡ್ ರಸ್ತೆಯ ಪಕ್ಕದ ಸೆಲೆಕ್ಟ್ ಪುಸ್ತಕದಂಗಡಿ 1945ರಷ್ಟು ಹಳೆಯದು, ಇಂಗ್ಲಿಷಿನ ಹಳೆ ಪುಸ್ತಕಗಳಿಗೆ ಹೆಸರಾದದ್ದು. ಚರ್ಚ್ ಸ್ಟ್ರೀಟ್ ಬಳಿ ಪ್ರೀಮಿಯರ್ ಇತ್ತು, 2009ರಲ್ಲಿ ಮುಚ್ಚಿತು. ಅದು ಹೊಸ ಪುಸ್ತಕಗಳ ಅಂಗಡಿ; ಆದರೂ ಹುಡುಕುವ ಖುಷಿಗೆ ಕಮ್ಮಿ ಇರಲಿಲ್ಲ, ಯಾಕೆಂದರೆ ಪುಸ್ತಕಗಳನ್ನು ಅಲ್ಲಿ ಗೋಡೆ ಕಟ್ಟಿದ ಹಾಗೆ ಒಟ್ಟಿದ್ದರು. ಯಾವ ಗೋಡೆಯಲ್ಲಿ ಯಾವ ಪುಸ್ತಕ ಅನ್ನುವುದು ಮಾಲೀಕರಾದ ಶಾನಭಾಗರಿಗೆ ಗೊತ್ತಿರುತ್ತಿತ್ತು.

ಮೈಸೂರಿನವರಿಗೆ ಲ್ಯಾನ್ಸ್‌ಡೌನ್ ಕಟ್ಟಡ ನೆನಪಾದರೆ ಬೇಸರವಾಗುತ್ತದೆ. ದೇವರಾಜ ಮಾರುಕಟ್ಟೆಯ ಸಮೀಪದ ಆ ಸಾಲಿನಲ್ಲಿ ಹಳೆ ಪುಸ್ತಕದ ಅಂಗಡಿಗಳಿದ್ದವು. ಮಹಾರಾಜಾ ಕಾಲೇಜಿನಲ್ಲಿ ಓದಿದವರು ತಾವು ಬಿ.ಎ. ಮುಗಿಸಿದ್ದೇ ಅಲ್ಲಿ ಅರ್ಧ ಬೆಲೆಗೆ ಕೊಂಡ ಪುಸ್ತಕಗಳಿಂದ ಅನ್ನುತ್ತಾರೆ. 2012ರ ಆಗಸ್ಟ್‌ನಲ್ಲಿ ಕಟ್ಟಡದ ಒಂದು ಭಾಗ ಕುಸಿದು ಜೀವಹಾನಿಯೂ ಆಯಿತು. ಅಂಗಡಿಗಳು ಚದುರಿದವು. ಒಂದು ಊರಿನ ಓದು ನಿಂತಿರುವುದು ಎಂಥ ಮುರುಕಲು ತೊಲೆಗಳ ಮೇಲೆ ಅಂತ ಅವತ್ತು ಅನ್ನಿಸಿತು.

ನಾವು ಪುಸ್ತಕ ಹುಡುಕಿಕೊಂಡು ಹೋಗುವುದನ್ನೇ ದೊಡ್ಡದಾಗಿ ಹೇಳುತ್ತೇವೆ. ಕನ್ನಡದಲ್ಲಿ ಪುಸ್ತಕವೇ ಓದುಗನನ್ನು ಹುಡುಕಿಕೊಂಡು ಹೊರಟ ಕಾಲವೂ ಇತ್ತು. ಗಳಗನಾಥರು ತಾವೇ ಬರೆದು, ಅಚ್ಚು ಹಾಕಿಸಿ, ಗಂಟು ಹೊತ್ತುಕೊಂಡು ಊರೂರು ತಿರುಗಿ ಕಾದಂಬರಿ ಮಾರಿದರು. 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಶುರುಮಾಡಿದಾಗ ದಾರಿ ಬೇರೆ ಹಿಡಿದರು: ಚಂದಾದಾರರನ್ನು ಮಾಡಿಕೊಂಡು ಅಂಚೆಯಲ್ಲಿ ಪುಸ್ತಕ ಕಳಿಸುವುದು. ಇದು ತಿಳಿದ ಮೇಲೆ ನನಗೊಂದು ಒಗಟು ಬಿಡಿಸಿದಂತಾಯಿತು. ಪುಸ್ತಕದ ಅಂಗಡಿಯೇ ಇಲ್ಲದ ಊರುಗಳ ರದ್ದಿಯಲ್ಲಿ ಗ್ರಂಥಮಾಲೆಯ ಹಳೆ ಪುಸ್ತಕಗಳು ಒಂದೇ ಮನೆಯವು ಐದಾರು ಒಟ್ಟಿಗೆ ಯಾಕೆ ಸಿಗುತ್ತವೆ ಅಂತ ನಾನು ಯೋಚಿಸುತ್ತಿದ್ದೆ. ಯಾರೋ ಒಬ್ಬ ಶಾಲಾ ಮಾಸ್ತರರೋ, ವಕೀಲರೋ ಆ ಊರಿನ ಏಕೈಕ ಚಂದಾದಾರರಾಗಿದ್ದಿರಬೇಕು. ಚಂದಾ ನಿಂತದ್ದು ಯಾವ ವರ್ಷ ಅನ್ನುವುದೂ ಆ ಕಟ್ಟಿನ ಕೊನೆಯ ಪುಸ್ತಕ ನೋಡಿದರೆ ಗೊತ್ತಾಗುತ್ತದೆ.

ಮುದ್ರಣದ ಪುಟ ಓದುತ್ತಾ ಓದುತ್ತಾ ಇನ್ನೊಂದು ಸಂಗತಿ ಎದ್ದು ಕಾಣುತ್ತದೆ. ನಮ್ಮ ದೊಡ್ಡ ಲೇಖಕರು ಎಷ್ಟೋ ಮಂದಿ ತಮ್ಮ ಪುಸ್ತಕಕ್ಕೆ ತಾವೇ, ಇಲ್ಲವೇ ಮನೆಯವರೇ ಪ್ರಕಾಶಕರು. ಮಾಸ್ತಿಯವರ ಪುಸ್ತಕದಲ್ಲಿ ‘ಜೀವನ ಕಾರ್ಯಾಲಯ, ಬಸವನಗುಡಿ’ ಅಂತಿರುತ್ತದೆ. ಕುವೆಂಪು ಅವರದ್ದರಲ್ಲಿ ‘ಉದಯರವಿ ಪ್ರಕಾಶನ’. ಉದಯರವಿ ಅವರ ಮನೆಯ ಹೆಸರೇ. ಪುಸ್ತಕಕ್ಕೆ ಕಾಗದ ಹೊಂದಿಸುವ ಚಿಂತೆಯೂ ಬರೆದವರ ಪಾಲಿಗೇ ಬರುತ್ತಿದ್ದ ಕಾಲ ಅದು. ಅಚ್ಚುಕೂಟಗಳ ಹೆಸರೂ ಹಾಗೆಯೇ: ಮೈಸೂರಿನ ವೆಸ್ಲಿ ಪ್ರೆಸ್, ಮಂಗಳೂರಿನ ಶಾರದಾ ಪ್ರೆಸ್, ಮಂಗಳೂರಿನದೇ ಬಾಸೆಲ್ ಮಿಶನ್ ಪ್ರೆಸ್. ಕಾಲಕ್ರಮದಲ್ಲಿ ಮೊಳೆಯ ಆಕಾರ ನೋಡಿಯೇ ಇದು ಮಂಗಳೂರಿನ ಕಡೆಯದು ಅಂತ ಕಣ್ಣು ಹೇಳತೊಡಗುತ್ತದೆ. ಹೇಳಿದ್ದು ಸರಿ ಅಂತ ಕೆಳಗಿನ ಸಾಲು ಖಾತ್ರಿ ಮಾಡಿದಾಗ ಆಗುವ ಸಂತೋಷ ಚಿಕ್ಕದು, ಆದರೆ ಹಳಸುವುದಿಲ್ಲ.

ಒಳಪುಟದ ಕೈಬರಹಗಳ ಬಗ್ಗೆ ಹೇಳಲು ಹೋದರೆ ಹೊತ್ತಾಗುತ್ತದೆ. ಮದುವೆಗೆ ಪುಸ್ತಕವನ್ನೇ ಉಡುಗೊರೆ ಕೊಡುತ್ತಿದ್ದ ಕಾಲವಿತ್ತು. ‘ಚಿ|| ಸೌ||’ ಅಂತ ಶುರುವಾಗಿ ಪುಟ ತುಂಬ ಹಾರೈಕೆ ಇರುತ್ತದೆ. ‘ಪ್ರಬಂಧ ಸ್ಪರ್ಧೆ, ಎರಡನೆಯ ಬಹುಮಾನ’ ಎಂಬ ಚೀಟಿಗಳು ಬೇಕಾದಷ್ಟು. ಮೊದಲನೆಯ ಬಹುಮಾನದವು ನನಗೆ ಯಾಕೋ ಕಮ್ಮಿ ಸಿಕ್ಕಿವೆ. ಗೆದ್ದವರು ಮನೆಯಲ್ಲಿ ಇಟ್ಟುಕೊಂಡಿರಬೇಕು! ಲೈಬ್ರರಿ ಮುದ್ರೆ ಇರುವ ಪುಸ್ತಕ ಸಿಕ್ಕರೆ ಮಾತ್ರ ಒಂದು ಕ್ಷಣ ನಿಲ್ಲಬೇಕು. ‘ರದ್ದುಪಡಿಸಿದೆ’ ಅಂತ ಮೇಲೊಂದು ಮುದ್ರೆ ಇಲ್ಲದಿದ್ದರೆ ಅದು ಇನ್ನೂ ಆ ಲೈಬ್ರರಿಯದೇ. ಈ ಸಭೆಯಲ್ಲಿ ಗ್ರಂಥಪಾಲಕರು ಕೂತಿದ್ದಾರೆ ಅಂತ ಹೇಳುತ್ತಿಲ್ಲ, ನಿಜವಾಗಿಯೂ ನಾನು ಅಂಥದ್ದನ್ನು ಕೊಳ್ಳುವುದಿಲ್ಲ.

ಇನ್ನು ಸಂಪುಟಗಳ ಪಾಡು. ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟು 8 ಸಂಪುಟ. ಅವು ಹೊರಬರಲು ದಶಕಗಳೇ ಹಿಡಿದವು. ಮೊದಲ ಸಂಪುಟ ಕೊಂಡ ಎಷ್ಟೋ ಜನ ಕೊನೆಯದು ಬರುವ ಹೊತ್ತಿಗೆ ನಿವೃತ್ತರಾಗಿದ್ದರು, ಕೆಲವರು ಇರಲೇ ಇಲ್ಲ. ಅದಕ್ಕೇ ಹಳೆ ಪುಸ್ತಕದಂಗಡಿಗಳಲ್ಲಿ ಮೊದಲ ಸಂಪುಟಗಳು ಒಂಟಿಯಾಗಿ ಸಿಗುತ್ತವೆ, ಕೊನೆಯವು ಸಿಗುವುದಿಲ್ಲ. ಶಿವರಾಮ ಕಾರಂತರ ‘ಬಾಲಪ್ರಪಂಚ’ 1936ರಲ್ಲಿ ಮೂರು ಸಂಪುಟಗಳಲ್ಲಿ ಬಂತು. ಮಕ್ಕಳ ಕೈಗೆ ಕೊಟ್ಟ ಪುಸ್ತಕ, ಮೂರೂ ಒಟ್ಟಿಗೆ ಎಲ್ಲಿಂದ ಉಳಿಯಬೇಕು? ಬಿಡಿ ಸಂಪುಟ ಕೊಳ್ಳಬಾರದು ಅನ್ನುವ ಸಂಗ್ರಾಹಕರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಬಿಡಿ ಸಂಪುಟ ಕೊಳ್ಳದವನಿಗೆ ಹುಡುಕಲು ಏನಿರುತ್ತದೆ?

ಸಂಗ್ರಹದ ದೊಡ್ಡಸ್ತಿಕೆ ನೋಡಬೇಕಾದರೆ ಪಾಂಡವಪುರದ ಹತ್ತಿರ ಹರಳಹಳ್ಳಿಗೆ ಹೋಗಿ, ಅಂಕೇಗೌಡರ ಪುಸ್ತಕ ಮನೆ ನೋಡಿ. ಬಸ್ ಕಂಡಕ್ಟರಾಗಿದ್ದಾಗ ಶುರುಮಾಡಿ, ಆಮೇಲೆ ಸಕ್ಕರೆ ಕಾರ್ಖಾನೆಯ ಸಂಬಳದಲ್ಲಿ ಲಕ್ಷಗಟ್ಟಲೆ ಪುಸ್ತಕ ಕೂಡಿಹಾಕಿದ ಮನುಷ್ಯ. ಯಾರು ಬೇಕಾದರೂ ಹೋಗಿ ಓದಬಹುದು. ಅವರ ಎದುರು ನನ್ನಂಥವರದು ಸಂಗ್ರಹ ಅನ್ನಿಸಿಕೊಳ್ಳುವುದೇ ಇಲ್ಲ. ಆದರೆ ನಾನು ಎಲ್ಲ ಪುಸ್ತಕಗಳನ್ನೂ ಬಯಸುವವನಲ್ಲ. 42 ಸಿಕ್ಕರೆ ಸಾಕು.

ಕೊನೆಯದಾಗಿ, ಚಹಾದ ಹೊತ್ತಿನಲ್ಲಿ ಹುಡುಗರು ಕೇಳಿದ ಪ್ರಶ್ನೆ: ಎಲ್ಲ ಸ್ಕ್ಯಾನ್ ಆಗಿ ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುವಾಗ ಇನ್ನೂ ಯಾಕೆ ಅಲೆಯಬೇಕು? ಓದುವುದಕ್ಕಾದರೆ ಅಲೆಯಬೇಕಾಗಿಲ್ಲ. ಸ್ವಯಂಸೇವಕರು ಸಾವಿರಾರು ಹಳೆ ಕನ್ನಡ ಪುಸ್ತಕಗಳನ್ನು ಹಾಳೆ ಹಾಳೆ ತಿರುವಿ ಅಲ್ಲಿಗೆ ಏರಿಸಿದ್ದಾರೆ, ಅವರಿಗೆ ಕೈಮುಗಿಯಬೇಕು. ಆದರೆ ನನ್ನ ಅಲೆದಾಟ ಅದರಿಂದ ಕಮ್ಮಿಯಾಗಲಿಲ್ಲ, ಜಾಸ್ತಿಯಾಯಿತು. ಮೊದಲು ಹಿಂಬದಿಯ ಪಟ್ಟಿ ನೋಡಬೇಕಾದರೆ ಪುಸ್ತಕವೇ ಕೈಗೆ ಬರಬೇಕಿತ್ತು. ಈಗ ರಾತ್ರಿ ಕೂತು ನೂರು ಪುಸ್ತಕಗಳ ಕೊನೆಯ ಪುಟ ನೋಡಬಹುದು. ಹುಡುಕಬೇಕಾದವುಗಳ ನನ್ನ ಪಟ್ಟಿ ಇಮ್ಮಡಿಯಾಗಿದೆ. ವ್ಯಾಪಾರಿಗಳೂ ಮೊಬೈಲ್ ತೆಗೆದು ನೋಡುತ್ತಾರೆ. ಅವರ ಬೆಲೆಯೂ ಇಮ್ಮಡಿಯಾಗಿದೆ.

ಪಟ್ಟಿಯ ಒಂದು ಪ್ರತಿಯನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದೇನೆ. ದಯವಿಟ್ಟು ಫೋಟೊ ತೆಗೆದುಕೊಳ್ಳಿ. ನಿಮ್ಮ ಅಟ್ಟದಲ್ಲಿ, ನಿಮ್ಮ ಅಜ್ಜನ ಟ್ರಂಕಿನಲ್ಲಿ ಅಂಗೈ ಅಗಲದ, ಬೆನ್ನು ಹರಿದ, ಮೇಲೊಂದು ನಂಬರಿರುವ ಪುಸ್ತಕ ಕಂಡರೆ ತೂಕಕ್ಕೆ ಹಾಕುವ ಮೊದಲು ಈ ಲೈಬ್ರರಿಯಲ್ಲಿ ಒಂದು ಮಾತು ತಿಳಿಸಿ. ನನ್ನಲ್ಲಿ ಎರಡೆರಡು ಇರುವವು ಬೇಕಾದಷ್ಟಿವೆ, ಬದಲಿಗೆ ಕೊಡುತ್ತೇನೆ. 42 ಯಾರ ಹತ್ತಿರವಾದರೂ ಇದ್ದರೆ ಬದಲಿಗೆ ಎರಡು ಕೊಡುತ್ತೇನೆ.